ಖಾಲಿ ಸೈಟಿಗೆ ಟಿಪ್ಪರ್ ನುಗ್ಗದಂತೆ ಕಂಬ ಹಾಕಿಸಿದವರು ಹೇಳಿ

ತುಮಕೂರಿನಿಂದ ಪ್ರಶ್ನೆ:
ನಮ್ಮದು ಬಡಾವಣೆಯ ಮೂಲೆ ಸೈಟು. ಇನ್ನೂ ಮನೆ ಕಟ್ಟಿಲ್ಲ. ನೀರಿನ ಟ್ಯಾಂಕರ್, ಟಿಪ್ಪರ್ ಎಲ್ಲ ತಿರುವಿನಲ್ಲಿ ಸೈಟಿನ ಮೇಲೇ ಹಾದು ಹೋಗುತ್ತವೆ. ಯಾರೋ ರಾತ್ರೋರಾತ್ರಿ ಒಡೆದ ಗೋಡೆ, ಟೈಲ್ಸ್ ಚೂರು ತಂದು ಸುರಿದಿದ್ದಾರೆ. ಕಾಂಪೌಂಡ್ ಕಟ್ಟಿಸುವಷ್ಟು ದುಡ್ಡು ಈಗಿಲ್ಲ. ಗಟ್ಟಿ ಕಂಬ ನೆಡಿಸೋಣ ಅಂತಿದ್ದೇನೆ. ಕಲ್ಲಿನದ್ದಾ, ಕಬ್ಬಿಣದ್ದಾ? ಎಷ್ಟು ಆಳ, ಎಷ್ಟು ದೂರ? ಮಾಡಿಸಿದವರು ದಯವಿಟ್ಟು ಹೇಳಿ.

ದಾವಣಗೆರೆಯಿಂದ:
ಸಾರ್, ನಮ್ಮ ಸೈಟಿನಲ್ಲೂ ಇದೇ ಕಾಟವಿತ್ತು. ಕಬ್ಬಿಣದ ಪೈಪ್ ಹಾಕಿಸಿದ ಮೇಲೆ ನಿಂತಿದೆ. 4 ಇಂಚಿನ, ದಪ್ಪ ಗೇಜಿನ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪ್ ತೆಗೆದುಕೊಳ್ಳಿ. ಪೈಪ್ ಸಾಮಾನ್ಯವಾಗಿ 6 ಮೀಟರ್ ಉದ್ದ ಬರುತ್ತದೆ. ಮೂರು ತುಂಡು ಮಾಡಿಸಿದರೆ ಒಂದೊಂದು ಆರೂವರೆ ಅಡಿ, ಚೂರೂ ವೇಸ್ಟ್ ಆಗಲ್ಲ. 3 ಅಡಿ ನೆಲದೊಳಗೆ, ಉಳಿದ ಮೂರೂವರೆ ಅಡಿ ಮೇಲೆ. ಇದಕ್ಕಿಂತ ಗಿಡ್ಡ ಬೇಡ, ರಿವರ್ಸ್ ಬರುವ ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣುವುದಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲೇ ಪೈಪಿನ ಬುಡಕ್ಕೆ ತೂತು ಹೊಡೆಸಿ, 12 ಎಂಎಂ ಸರಳಿನ ತುಂಡು ಅಡ್ಡ ತೂರಿಸಿ ವೆಲ್ಡ್ ಮಾಡಿಸಿ. ಅದು ಕಾಂಕ್ರೀಟಿನೊಳಗೆ ಕಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಗಾಡಿ ತಾಗಿದಾಗ ಕಂಬ ನಿಂತಲ್ಲೇ ತಿರುಗಿ ಸಡಿಲವಾಗುತ್ತದೆ.

ಗುಂಡಿ ಒಂದೂವರೆ ಅಡಿ ಚೌಕ, ಮೂರೂವರೆ ಅಡಿ ಆಳ. ತಳಕ್ಕೆ ಅರ್ಧ ಅಡಿ ಜಲ್ಲಿ. ಅದರ ಮೇಲೆ ಪೈಪ್ ನಿಲ್ಲಿಸಿ, ನೆಟ್ಟಗಿದೆಯಾ ಅಂತ ರಸಮಟ್ಟ ಎರಡೂ ಕಡೆ ಹಿಡಿದು ನೋಡಿ, 1:2:4 (ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ) ಕಾಂಕ್ರೀಟ್ ತುಂಬಿಸಿ. ಒಂದು ಗುಂಡಿಗೆ ಒಂದು ಮೂಟೆ ಸಿಮೆಂಟಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಪೈಪಿನ ಒಳಗೂ ತುಂಬಿಸಿ. ತುದಿಯನ್ನು ಗುಮ್ಮಟದ ಹಾಗೆ ಉಬ್ಬಿಸಿದರೆ ಮಳೆನೀರು ನಿಲ್ಲುವುದಿಲ್ಲ.

ತುಕ್ಕು ಶುರುವಾಗುವುದು ಪೈಪ್ ನೆಲಕ್ಕೆ ತಾಗುವ ಜಾಗದಲ್ಲೇ. ಅಲ್ಲಿ ಕಾಂಕ್ರೀಟನ್ನು ನೆಲದಿಂದ ಎರಡು ಇಂಚು ಮೇಲೆ ತಂದು ಸುತ್ತಲೂ ಇಳಿಜಾರು ಮಾಡಿಸಿ. ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆಸಿ. ಗೋಣಿಚೀಲ ಸುತ್ತಿ ಕಡಿಮೆ ಅಂದರೂ 7 ದಿನ ನೀರು ಹಾಕಲೇಬೇಕು. ಆಮೇಲೆ ರೇಡಿಯಂ ಟೇಪ್ ಅಂಟಿಸಿ. ರಾತ್ರಿ ಬೈಕಿನಲ್ಲಿ ಬರುವವರ ಜೀವದ ಪ್ರಶ್ನೆ ಇದು.

ಅಂತರದ ವಿಷಯ. ಆಟೋ ಅಗಲ ಸುಮಾರು 4 ಅಡಿ 3 ಇಂಚು. ಸಣ್ಣ ಕಾರೂ 5 ಅಡಿಯ ಹತ್ತಿರ ಇರುತ್ತದೆ. ಹಾಗಾಗಿ 4 ಅಡಿ ಬಿಟ್ಟರೆ ಎರಡೂ ನುಗ್ಗುವುದಿಲ್ಲ, ಜನ ಆರಾಮಾಗಿ ಓಡಾಡಬಹುದು. ಆದರೆ ಮೇಸ್ತ್ರಿಗಳು ಕಂಬದ ನಡುವಿನಿಂದ ನಡುವಿಗೆ ಅಳೆಯುತ್ತಾರೆ. ನಿಮಗೆ ಬೇಕಾದ್ದು ಎರಡು ಕಂಬದ ಮಧ್ಯದ ಬಯಲು. ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ. ಬೈಕ್ ಮಾತ್ರ ಇದರಲ್ಲಿ ತಡೆಯಲಾಗದು.

ಗದಗದಿಂದ:
ಮೇಲಿನವರು ಹೇಳಿದ ಆಳ ಕೆಂಪು ಮಣ್ಣಿಗೆ ಸರಿ. ನಮ್ಮ ಕಡೆ ಎರೆ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬುತ್ತದೆ. ಕಂಬ ಎಷ್ಟೇ ಗಟ್ಟಿ ಇದ್ದರೂ ಒಂದೆರಡು ವರ್ಷದಲ್ಲಿ ವಾಲುತ್ತದೆ. ಎರೆ ದಾಟಿ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವ ತನಕ ತೋಡಿಸಿ, ಸುತ್ತ ಗರಸನ್ನೇ ತುಂಬಿಸಿ ದಮ್ಮಸ್ಸು ಮಾಡಿಸಿ.

ಕಲ್ಲಿಗೆ ತುಕ್ಕಿಲ್ಲ, ಬಣ್ಣ ಬೇಡ. ಆದರೆ ತಂತಿಬೇಲಿಗೆ ಬರುವ ತೆಳ್ಳನೆಯ ಕಲ್ಲುಕಂಬ ಈ ಕೆಲಸಕ್ಕೆ ಆಗದು. ಕಲ್ಲು ಮೇಲಿನ ಭಾರ ಎಷ್ಟು ಬೇಕಾದರೂ ಹೊರುತ್ತದೆ, ಅಡ್ಡ ಪೆಟ್ಟು ತಡೆಯುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಹಿಂದಕ್ಕೆ ಬಂದು ತಾಗಿದ್ದಕ್ಕೆ ನಮ್ಮ ಹೊಲದ ಬದಿಯ ಕಂಬ ನೆಲಮಟ್ಟಕ್ಕೆ ಸರಿಯಾಗಿ ಕತ್ತರಿಸಿದಂತೆ ಮುರಿದಿತ್ತು. ಹೂತ ಭಾಗ ಅಲ್ಲಾಡಿರಲಿಲ್ಲ. ಕಲ್ಲೇ ಬೇಕೆಂದರೆ 9 ಇಂಚು ದಪ್ಪದ್ದು ತನ್ನಿ.

ಹಾಸನದಿಂದ:
ಗುಂಡಿ ತೋಡುವ ಮೊದಲು ಅಳತೆ ಮಾಡಿಸಿ ಸಾರ್. ಮೇಲಿನ ಕಂಬವಷ್ಟೇ ಅಲ್ಲ, ಕೆಳಗಿನ ಕಾಂಕ್ರೀಟೂ ನಿಮ್ಮ ಗಡಿಯೊಳಗೇ ಇರಬೇಕು. ಒಂದು ಅಡಿ ಒಳಗೇ ತೋಡಿಸಿ. ನೀರಿನ ಪೈಪ್, ಯುಜಿಡಿ (ಒಳಚರಂಡಿ), ಕರೆಂಟ್ ಕೇಬಲ್ ಎಲ್ಲಿ ಹೋಗಿದೆ ಅಂತ ವಿಚಾರಿಸಿ.

ತೋಟ, ಹೊಲ ಇರುವವರು ಹದ್ದುಬಸ್ತು (ಗಡಿ ಗುರುತಿಸುವ ಸರ್ಕಾರಿ) ಅಳತೆಗೆ ಅರ್ಜಿ ಹಾಕಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಅದಕ್ಕೆ ಅಡ್ಡ ಕಂಬ ಹಾಕುವಂತಿಲ್ಲ. ನಕಾಶೆಯಲ್ಲಿ ಇಲ್ಲದಿದ್ದರೂ, 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದವರು 1882ರ ಈಸ್‌ಮೆಂಟ್ ಕಾಯ್ದೆಯಡಿ ದಾರಿಯ ಹಕ್ಕು ಕೇಳಬಹುದು. ಪಕ್ಕದವರ ಜೊತೆ ಮೊದಲೇ ಕೂತು ಮಾತಾಡಿ.

ತುಮಕೂರಿನಿಂದ:
ತುಂಬಾ ಉಪಕಾರವಾಯಿತು. ಮುಂದೆ ಮನೆ ಕಟ್ಟುವಾಗ ನಮ್ಮದೇ ಲಾರಿ ಒಳಗೆ ಬರಬೇಕಲ್ವಾ? ಆ ಜಾಗಕ್ಕೆ ಸರಪಳಿ ಕಟ್ಟಿದರೆ ಸಾಕಾ?

ದಾವಣಗೆರೆಯಿಂದ:
ಸರಪಳಿ ಖಂಡಿತ ಬೇಡ ಸಾರ್. ಕತ್ತಲಲ್ಲಿ ಕಾಣುವುದಿಲ್ಲ, ಬೈಕಿನವರ ಎದೆಗೇ ಬಡಿಯುತ್ತದೆ. ಒಂದು ಕಡೆ 12 ಅಡಿ ಜಾಗದಲ್ಲಿ ಎತ್ತಿಡುವ ಕಂಬ ಮಾಡಿಸಿ. ಒಂದು ಸೈಜ್ ದೊಡ್ಡ ಪೈಪನ್ನು ನೆಲಮಟ್ಟಕ್ಕೆ ಹೂತು, ಅದರೊಳಗೆ ಕಂಬ ಇಳಿಸುವುದು. ಈ ಕಂಬದೊಳಗೆ ಮಾತ್ರ ಕಾಂಕ್ರೀಟ್ ತುಂಬಬೇಡಿ, ಎತ್ತಲು ಆಗುವುದಿಲ್ಲ. ಹೂತ ಪೈಪಿನ ತಳ ತೆರೆದು ಜಲ್ಲಿಯ ಮೇಲೆ ಕೂರಬೇಕು, ನೀರು ಇಂಗುತ್ತದೆ. ಬೀಗಕ್ಕೆ ಎರಡಕ್ಕೂ ಕೊಂಡಿ ವೆಲ್ಡ್ ಮಾಡಿಸಿ. ಕಂಬ ತೆಗೆದಿಟ್ಟಾಗ ತೂತಿಗೆ ಮುಚ್ಚಳ ಹಾಕಿ, ಮಕ್ಕಳ ಕಾಲು ಸಿಕ್ಕಿಕೊಳ್ಳಬಾರದು. ಒಂದು ಕೀಲಿ ಪಕ್ಕದ ಮನೆಯವರ ಹತ್ತಿರ ಕೊಟ್ಟಿರಿ.