ಸೌಂಡ್ ಕೊಲಾಜ್: ಸದ್ದುಕೌದಿಯೋ, ಸದ್ದುಗೌದಿಯೋ?

ಎಲ್ಲರಿಗೂ ನಮಸ್ಕಾರ. ವಿಜಯಪುರದ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗ ಶಾಲೆಯ ದಿನಗಳ ಸದ್ದುಗಳನ್ನು ಆಯ್ದು, ಕತ್ತರಿಸಿ, ಜೋಡಿಸಿ ಒಂದು ಸೌಂಡ್ ಕೊಲಾಜ್ ಮಾಡುತ್ತಿದೆ. ಆಮಂತ್ರಣ ಪತ್ರಿಕೆಯಲ್ಲಿ ಅದಕ್ಕೆ ಕನ್ನಡದ ಹೆಸರೇ ಇರಬೇಕೆಂಬುದು ನನ್ನ ಹಟ.

ಕೊಲಾಜ್ ಹುಟ್ಟಿದ್ದು ‘ಅಂಟಿಸು’ ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ. 1948ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಸಂಗೀತ ರಚನಕಾರ ಪಿಯರ್ ಶೆಫೆರ್ ರೈಲಿನ ಸದ್ದುಗಳನ್ನೇ ಮುದ್ರಿಸಿಕೊಂಡು ರೇಡಿಯೊಗಾಗಿ ಕೃತಿಯೊಂದನ್ನು ಕಟ್ಟಿದರು. ಕೇಳುಗ ರೈಲನ್ನು ಮರೆತು ಸದ್ದನ್ನು ಸದ್ದಾಗಿಯೇ ಕೇಳಬೇಕೆಂಬುದು ಅವರ ಹಂಬಲ. ನಮ್ಮದು ಇದಕ್ಕೆ ತದ್ವಿರುದ್ಧ. ನಮ್ಮ ಶಾಲೆಯ ಗಂಟೆಯೂ ರೈಲುಹಳಿಯ ತುಂಡೇ. ಆದರೆ ಅದಕ್ಕೆ ಸಲಾಕೆ ಬಿದ್ದೊಡನೆ ಕೇಳುವವರಿಗೆ ‘ಸಾಲಿ ಬಿಟ್ಟಿತು’ ಎಂದು ಅನ್ನಿಸಲೇಬೇಕು. ಸದ್ದು ತನ್ನ ಮೂಲವನ್ನು ಕಳೆದುಕೊಂಡರೆ ನಮ್ಮ ಶ್ರಮವೆಲ್ಲ ವ್ಯರ್ಥ.

ಆದ್ದರಿಂದಲೇ ‘ಧ್ವನಿಮಿಶ್ರಣ’ ನನಗೆ ಒಪ್ಪಿಗೆಯಿಲ್ಲ. ಬೆರೆತದ್ದರಲ್ಲಿ ಬಿಡಿಭಾಗ ಕಾಣುವುದಿಲ್ಲ. ‘ಸಂಕಲನ’ ಎಂದರೆ ಕವಿತೆಗಳ ಪುಸ್ತಕ ನೆನಪಾಗುತ್ತದೆ. ‘ರೂಪಕ’ವನ್ನು ಆಕಾಶವಾಣಿ ನಿರೂಪಣೆಯಿರುವ ಕಾರ್ಯಕ್ರಮಗಳಿಗೆ ಬಳಸುತ್ತ ಬಂದಿದೆ. ನಮ್ಮಲ್ಲಿ ನಿರೂಪಕರೇ ಇಲ್ಲ.

ನನ್ನ ಮನಸ್ಸು ‘ಕೌದಿ’ಯ ಮೇಲೆ, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಯ ಮೇಲೆ ನಿಂತಿದೆ. ಇದು ಅಜ್ಜಿಯ ಇಳಕಲ್ ಸೀರೆಯ ಸೆರಗು, ಇದು ಅಪ್ಪನ ಹಳೆಯ ಅಂಗಿ ಎಂದು ಹೊದ್ದು ಮಲಗಿದವರು ಬೆರಳಿಟ್ಟು ತೋರಿಸಬಹುದು. ಆದರೂ ಹೊದಿಕೆ ಒಂದೇ. ಕೊಲಾಜಿನ ಗುಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ನನಗೆ ಕಾಣುತ್ತಿಲ್ಲ.

ತೊಡಕಿರುವುದು ಮೊದಲ ಪದದಲ್ಲಿ. ನಮ್ಮ ಕಡೆ ದಿನನಿತ್ಯದ ಮಾತು ‘ಸಪ್ಪಳ’. ಹೆಜ್ಜೆಯ ಸಪ್ಪಳ, ಬಾಗಿಲ ಸಪ್ಪಳ, ಪಾಟಿಯ ಮೇಲೆ ಬಳಪ ಕೀರುವ ಸಪ್ಪಳ. ಪ್ರಾರ್ಥನೆಯನ್ನು ಮಾತ್ರ ಯಾರೂ ಸಪ್ಪಳ ಎನ್ನುವುದಿಲ್ಲ, ಅದು ‘ದನಿ’. ಹಾಜರಿ ಕೂಗಿದಾಗ ಬರುವ ಉತ್ತರವೂ ದನಿ. ಪ್ರವಾಸಕ್ಕೆ ಹೋದ ಮಕ್ಕಳು ಗೋಳಗುಮ್ಮಟದಲ್ಲಿ ಕೂಗಿ ಕೇಳಿಸಿಕೊಂಡದ್ದು ಮಾರ್ದನಿ. ಸಪ್ಪಳ, ದನಿ ಎರಡನ್ನೂ ಒಳಗೊಳ್ಳುವ ‘ಸದ್ದು’ ಸಪ್ಪೆಯೆನಿಸಿದರೂ ಸದ್ಯಕ್ಕೆ ಅದನ್ನೇ ಆರಿಸಿದ್ದೇನೆ.

ಮುಂದಿನ ಪ್ರಶ್ನೆ ವ್ಯಾಕರಣದ್ದು. ಹಳಗನ್ನಡ, ಮಳೆಗಾಲಗಳಂತೆ ಆದೇಶ ಸಂಧಿಯಾಗಿ ‘ಸದ್ದುಗೌದಿ’ ಎನ್ನಬೇಕೇ? ಹಾಗೆಂದರೆ ಕೌದಿಯೇ ಮರೆಯಾಗುತ್ತದೆಂಬ ಅಳುಕು ನನಗಿದೆ. ‘ಮನೆಕೆಲಸ’, ‘ಮನೆಗೆಲಸ’ ಎರಡೂ ಬಳಕೆಯಲ್ಲಿರುವಾಗ ಹೊಸ ಪದಕ್ಕೂ ಆ ಸಡಿಲಿಕೆ ಸಲ್ಲಬೇಕೆಂಬುದು ನನ್ನ ವಾದ.

ಇನ್ನೊಂದು ಮಾತು, ‘ಉಜಳಣಿ’. ಸಂಜೆ ತರಗತಿಯೆಲ್ಲ ಒಕ್ಕೊರಲಿನಿಂದ ಮಗ್ಗಿ ಹೇಳುವುದನ್ನು ನಮ್ಮ ಹಿರಿಯರು ಹೀಗೆ ಕರೆಯುತ್ತಾರೆ. ಮರಾಠಿಯಲ್ಲಿ ಇದರ ಮೂಲ ಕ್ರಿಯಾಪದಕ್ಕೆ ಬೆಳಗುವುದು, ಹೊಳಪು ಕೊಡುವುದು ಎಂಬ ಅರ್ಥವಿದೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಪದ ಬಂದ ದಾರಿ ಊಹಿಸಬಹುದು. ಕಲಿತದ್ದಕ್ಕೆ ಮತ್ತೆ ಮೆರುಗು ಕೊಡುವುದೆಂಬ ಈ ಭಾವ ನನಗೆ ಬಹಳ ಪ್ರಿಯ; ಕೃತಿಯ ನಡುವಣ ಭಾಗಕ್ಕೆ ಇದೇ ಶೀರ್ಷಿಕೆ ಇಟ್ಟಿದ್ದೇನೆ.

ಬೆಳಗಾವಿ, ಬಾಗಲಕೋಟೆಯವರು ಉಜಳಣಿಯನ್ನು ಮಗ್ಗಿಗೆ ಮಾತ್ರ ಬಳಸುತ್ತೀರೋ, ಪದ್ಯ ಒಪ್ಪಿಸುವುದಕ್ಕೂ ಬಳಸುತ್ತೀರೋ? ಮೈಸೂರು, ಮಂಗಳೂರು ಕಡೆಯವರಿಗೆ ‘ಕೌದಿ’ ವಿವರಣೆಯಿಲ್ಲದೆ ತಿಳಿಯುತ್ತದೆಯೇ? ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ತಿಳಿಸಿದರೆ ಉಪಕಾರವಾಗುತ್ತದೆ.