ಗಚ್ಚಿ ಮ್ಯಾಲಿನ ಪಾಲಿಹೌಸಿಗೆ ಥಂಡ್ಯಾಗ ಎಷ್ಟು ವ್ಯಾಟಿನ ಹೀಟರ್ ಬೇಕು?

ಗಚ್ಚಿತೋಟ:
ನಮಸ್ಕಾರ್ರಿ. ಊರು ಧಾರವಾಡ, ಎರಡನೇ ಅಂತಸ್ತಿನ ಗಚ್ಚಿ. ಪಾಲಿಹೌಸ್ 10 × 8 ಫೂಟು, ಎತ್ತರ 7 ಫೂಟು, ಒಂದಿಂಚಿನ ಜಿ.ಐ. ಪೈಪು, ಮ್ಯಾಲೆ 200 ಮೈಕ್ರಾನಿನ ಯುವಿ ಹಾಳಿ ಒಂದ ಪದರ. ಒಳಗ 25 ಫೆಲನಾಪ್ಸಿಸ್ ಆರ್ಕಿಡ್, 10 ಆಂಥೂರಿಯಂ, ಒಂದಿಷ್ಟು ಅಡೇನಿಯಂ. ನಸುಕಿನ್ಯಾಗ ಹೊರಗ 12 ಡಿಗ್ರಿ ಇದ್ರ ಒಳಗೂ 12 ತೋರಸ್ತೈತಿ. ಹಾಳಿ ಹಾಕಿದ್ರೂ ಯಾಕ ಬೆಚ್ಚಗ ಆಗವಲ್ದು? 2000 ವ್ಯಾಟಿನ ಬ್ಲೋವರ್ ತರೂ ವಿಚಾರ ಐತಿ.

ಕೆಂಪುಮಣ್ಣು:
2000 ಬೇಡ. ಗೋಡೆ, ಛಾವಣಿ ಸೇರಿ ನಿಮ್ಮ ಹಾಳೆಯ ಮೈ ಸುಮಾರು 32 ಚದರ ಮೀಟರ್ ಆಗುತ್ತದೆ. ಒಳಗಿಗೂ ಹೊರಗಿಗೂ ಒಂದು ಡಿಗ್ರಿ ಅಂತರ ಇದ್ದರೆ ಒಂಟಿ ಪದರದ ಪಾಲಿಥಿನ್ ಚದರ ಮೀಟರಿಗೆ ಹತ್ತಿರ ಹತ್ತಿರ 6 ವ್ಯಾಟ್ ಕಳೆಯುತ್ತದೆ. ನಿಮ್ಮ ಗಿಡಗಳಿಗೆ ರಾತ್ರಿ ಒಳಗೆ 17 ಡಿಗ್ರಿ ಸಾಕು, ಹೊರಗೆ 12. ಅಂದರೆ 32 × 6 × 5 = 960 ವ್ಯಾಟ್. ಒಳಗಿನಿಂದ ಇನ್ನೊಂದು ತೆಳು ಹಾಳೆ ಅಥವಾ ಬಬಲ್ ಶೀಟ್ ಕಟ್ಟಿ ನಡುವೆ ಎರಡು ಬೆರಳು ಗಾಳಿ ಬಿಟ್ಟರೆ ಆ 6 ಸುಮಾರು 4ಕ್ಕೆ ಇಳಿಯುತ್ತದೆ, ಲೆಕ್ಕ 640ಕ್ಕೆ ಬರುತ್ತದೆ. ಸಂದಿನಲ್ಲಿ ಸೋರುವ ಗಾಳಿಗೆ ಸ್ವಲ್ಪ ಸೇರಿಸಿ 800 ಹಿಡಿಯಿರಿ. ಮೊದಲು ಹಾಳೆ, ಆಮೇಲೆ ಹೀಟರ್.

ಒಳಗೂ 12 ಯಾಕೆ ಅಂದರೆ, ಸಾದಾ ಪಾಲಿಥಿನ್ ಗಾಳಿಯನ್ನು ತಡೆಯುತ್ತದೆಯೇ ಹೊರತು ಗಿಡ, ನೆಲ ಹೊರಸೂಸುವ ಶಾಖದ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿಯಲ್ಲಿ ಒಳಗಿನ ಉಷ್ಣಾಂಶ ಹೊರಗಿಗಿಂತ ಕೆಳಗೆ ಹೋಗುವುದೂ ಉಂಟು. ಸಂಜೆ ಛಾವಣಿ ಮೇಲೆ ಹಳೆಯ ತಾಡಪತ್ರಿ ಎಳೆದು, ಬೆಳಿಗ್ಗೆ ತೆಗೆಯಿರಿ. ಖರ್ಚಿಲ್ಲದ ಉಪಾಯ.

17ಕ್ಕಿಂತ ಮೇಲೆ ಕಾಯಿಸಬೇಡಿ. ಫೆಲನಾಪ್ಸಿಸ್ ಹೂಕಡ್ಡಿ ಬಿಡುವುದಕ್ಕೆ ಕೆಲವು ವಾರ ತಂಪು ರಾತ್ರಿಗಳೇ ಬೇಕು. ರಾತ್ರಿಯೂ 25 ಇಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಆಂಥೂರಿಯಂಗೆ 15ರ ಕೆಳಗೆ ಬೇಡ, ಅಷ್ಟೆ. ಅಡೇನಿಯಂ ಅಲ್ಲಿ ಇರಲೇಬಾರದು. ಥಂಡಿಯಲ್ಲಿ ಅದು ನಿದ್ದೆ ಹೋಗುತ್ತದೆ, ಆ ತೇವದಲ್ಲಿ ಬುಡ ಕೊಳೆಯುತ್ತದೆ. ಒಣಗಿಸಿ ಕಿಟಕಿ ಹತ್ತಿರ ಇಡಿ.

ಉತ್ತರದ ಗೋಡೆಗೆ ಕಪ್ಪು ಬಣ್ಣ ಬಳಿದ 20 ಲೀಟರಿನ 10 ಕ್ಯಾನ್ ನೀರು ಇಟ್ಟರೆ ಚಳಿಗಾಲದ ದಕ್ಷಿಣದ ಬಿಸಿಲು ನೇರ ಬೀಳುತ್ತದೆ. 200 ಲೀಟರ್ ನೀರು ರಾತ್ರಿಯಲ್ಲಿ 6 ಡಿಗ್ರಿ ತಣ್ಣಗಾದರೆ 1.4 ಯೂನಿಟ್ ಶಾಖ ವಾಪಸ್ ಕೊಡುತ್ತದೆ, ಹೀಟರಿನ ಎರಡು ತಾಸಿನ ಕೆಲಸ. 200 ಲೀಟರಿನ ಒಂದೇ ಬ್ಯಾರಲ್ ಸ್ಲ್ಯಾಬಿನ ನಡುವೆ ಇಡಬೇಡಿ, ಅಷ್ಟೂ ಭಾರ ಒಂದೇ ಕಡೆ ಕೂರುತ್ತದೆ. ಕ್ಯಾನುಗಳನ್ನು ಬೀಮ್ ಅಥವಾ ಕೆಳಗಿನ ಗೋಡೆ ಇರುವ ಸಾಲಿನಲ್ಲಿ ಹಂಚಿ ಇಡಿ.

ಫೇಸ್_ನ್ಯೂಟ್ರಲ್:
ಮ್ಯಾಲಿನ ಲೆಕ್ಕ ಬರೋಬ್ಬರಿ ಐತಿ. ವೈರಿಂಗ್ ಬಗ್ಗೆ ನಾಲ್ಕು ಮಾತು ಹೇಳ್ತೀನಿ.

ಒಂದ 800 ವ್ಯಾಟಿಂದರಕಿಂತ 400ರವು ಎರಡು ತಗೋರಿ, ಒಂದು ಕೆಟ್ರ ಇನ್ನೊಂದು ಗಿಡ ಉಳಸ್ತೈತಿ. ಮನಿಯಿಂದ 2.5 ಚದರ ಮಿ.ಮೀ. ತಾಮ್ರದ ವೈರ್ ಬ್ಯಾರೆ ಎಳೀರಿ, ಅದಕ್ಕ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಟ್ಟನ ಬಂದ್ ಮಾಡೂ ಸ್ವಿಚ್) ಕಡ್ಡಾಯ. ಒದ್ದಿ ನೆಲ, ಒದ್ದಿ ಕೈ ಇರೋ ಜಾಗಾ ಅದು. ಅರ್ಥಿಂಗ್ ಇಲ್ಲದ ಎಕ್ಸ್‌ಟೆನ್ಶನ್ ಬೋರ್ಡ್ ನಡಿಯಂಗಿಲ್ಲ.

ಥರ್ಮೋಸ್ಟ್ಯಾಟ್‌ಗೆ ಎಸ್‌ಟಿಸಿ-1000 ಸಾಕು. ಸೆಟ್ 17, ಅಂತರ 1 ಡಿಗ್ರಿ, ಅಂದ್ರ 16ಕ್ಕ ಆನ್, 17ಕ್ಕ ಆಫ್. ಅದರ ರಿಲೇ (ಹೀಟರ್ ಆನ್-ಆಫ್ ಮಾಡೂ ಒಳಗಿನ ಸ್ವಿಚ್) 10 ಆಂಪಿಂದು. ನೀವು ಹೇಳಿದ 2000 ವ್ಯಾಟಿಗೆ ಹತ್ರ ಹತ್ರ 9 ಆಂಪ್ ಹರೀತೈತಿ. ದಿನಾ ಆನ್-ಆಫ್ ಆಗಿ ಕಾಂಟ್ಯಾಕ್ಟ್ ಅಂಟಿಕೊಂಡ್ರ ಹೀಟರ್ ಬಂದಾಗಂಗಿಲ್ಲ, ಬೆಳಕಹರಿಯೂದ್ರಾಗ ಆರ್ಕಿಡ್ ಬೆಂದು ಪಲ್ಯ ಆಗಿರ್ತಾವ. ಸರಣಿಯೊಳಗ ಇನ್ನೊಂದು ಥರ್ಮೋಸ್ಟ್ಯಾಟ್ 25ಕ್ಕ ಕಟ್ ಆಗೂ ಹಂಗ ಹಾಕ್ರಿ. ಸೆನ್ಸರ್ ಗಿಡದ ಎತ್ತರಕ್ಕ ಇರ್ಲಿ, ಹೀಟರಿನ ಗಾಳಿ ಬಡಿಯೂ ಕಡೆ ಬ್ಯಾಡ.

ಖರ್ಚು: ಸರಾಸರಿ 700 ವ್ಯಾಟ್, ರಾತ್ರಿಗೆ 5 ತಾಸು ಹಿಡಿದ್ರ 3.5 ಯೂನಿಟ್, ತಿಂಗಳಿಗೆ 105. ಗೃಹಜ್ಯೋತಿ ಇದ್ದವ್ರು 200 ದಾಟದಂಗ ನೋಡ್ಕೋರಿ. ದಾಟಿದ್ರ ಪೂರಾ ಬಿಲ್ ಬರ್ತೈತಿ.

ಗಚ್ಚಿತೋಟ:
ಕರೆಂಟ್ ಹೋದ ರಾತ್ರಿ ಕೆಂಡದ ಶೆಗಡಿ ಇಟ್ರ ನಡಿತೈತೇನ್ರಿ?

ಕೆಂಪುಮಣ್ಣು:
ಖಂಡಿತ ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ, ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಹೋದವರ ಜೀವಕ್ಕೇ ಕುತ್ತು. ಹೊಗೆಯಲ್ಲಿ ಎಥಿಲೀನ್ ಕೂಡ ಇರುತ್ತದೆ, ಆರ್ಕಿಡ್ ಮೊಗ್ಗು ಹಳದಿಯಾಗಿ ಉದುರುತ್ತವೆ. ಗ್ಯಾಸ್ ಬರ್ನರ್‌ಗೂ ಇದೇ ಮಾತು. ಕರೆಂಟ್ ಹೋದರೆ ತಾಡಪತ್ರಿ, ನೀರಿನ ಕ್ಯಾನ್ ಸಾಕು. ಒಂದು ರಾತ್ರಿ 13ಕ್ಕೆ ಇಳಿದರೆ ಗಿಡ ಸಾಯುವುದಿಲ್ಲ, ಎಲೆ ಮೇಲೆ ನೀರು ಇರದಿದ್ದರೆ. ಸಂಜೆ ನೀರು ಹಾಕಿ ನಡುಸುಳಿಯಲ್ಲಿ ನೀರು ನಿಂತಿದ್ದರೆ ಮಾತ್ರ ಸುಳಿ ಕೊಳೆಯುತ್ತದೆ. ಮುಂಜಾನೆ ಮೇಲಿನ ಟಾಕಿಯ ತಣ್ಣೀರನ್ನು ನೇರ ಎಲೆ ಮೇಲೆ ಸುರಿದರೆ ಗುಳಿಬಿದ್ದ ಕಪ್ಪು ಚುಕ್ಕೆಗಳಾಗುತ್ತವೆ, ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುವವರು ಬಹಳ. ಹತ್ತು ಗಂಟೆ ಮೇಲೆ, ಒಳಗೇ ಇಟ್ಟ ಬಕೀಟಿನ ನೀರು ಹಾಕಿ.

ಗದಗ_ಗಾಳಿ:
ಎಲ್ಲಾರೂ ರಾತ್ರಿದ ಹೇಳಾಕತ್ತೀರಿ. ನಮ್ಮ ಕಡೆ ಪಾಲಿಹೌಸಿನ್ಯಾಗ ಗಿಡ ಸಾಯೂದು ಮಧ್ಯಾಹ್ನದಾಗ. ಜನವರಿಯೊಳಗೂ ಮುಚ್ಚಿಟ್ರ ಹನ್ನೊಂದಕ್ಕ 40 ದಾಟತೈತಿ. ಎರಡೂ ಉದ್ದನ ಬಾಜೂದ ಹಾಳಿ ಪೈಪಿಗೆ ಸುತ್ತಿ ಎತ್ತೂ ಹಂಗ ಮಾಡ್ರಿ, ಒಳಗ ಹುಳ ತಡಿಯೂ 40 ಮೆಶ್ ಬಲಿ. ಒಂಬತ್ತೂವರಿಗೆ ಎತ್ತೂದು, ನಾಲ್ಕೂವರಿಗೆ ಇಳಿಸೂದು. ಇನ್ನೂ ತಡಾ ಮಾಡಿದ್ರ ಹಗಲಿನ ಕಾವು ಹೊರಗ ಹೋಗಿಬಿಡ್ತೈತಿ. ಫೆಬ್ರವರಿ ನಡುವಕ್ಕ ಒಳಗಿನ ಪದರ ತಗೀರಿ. 75 ಪರ್ಸೆಂಟಿನ ಶೇಡ್ ನೆಟ್ ಹಾಳಿ ಮ್ಯಾಲಿಂದ ಒಂದು ಫೂಟ್ ಎತ್ತರಕ್ಕ ಕಟ್ರಿ. ಹಾಳಿಗೆ ಹತ್ತಿಸಿ ಹಾಸಿದ್ರ ಆ ಕಾವೆಲ್ಲಾ ಒಳಗ ಇಳೀತೈತಿ.

ಗಚ್ಚಿಗೆ ಡ್ರಿಲ್ ಹೊಡಿಬ್ಯಾಡ್ರಿ, ಮಳಿಗಾಲಕ್ಕ ಕೆಳಗಿನ ಖೋಲಿ ಸೋರತೈತಿ. ಪ್ರತಿ ಕಾಲು 20 ಲೀಟರಿನ ಬಕೀಟಿನ್ಯಾಗ ನಿಲ್ಲಿಸಿ ಕಾಂಕ್ರೀಟ್ ತುಂಬಿದ್ರ ಒಂದೊಂದು 48 ಕೆ.ಜಿ. ಆರು ಕಾಲಾದ್ರ 290 ಕೆ.ಜಿ. ಅಷ್ಟಾದ್ರೂ ಏಪ್ರಿಲ್-ಮೇದ ಗಾಳಿಮಳಿಗೆ ಸಾಲಂಗಿಲ್ಲ, ಪ್ಯಾರಾಪೆಟ್ಟಿಗೆ ತಂತಿಯಿಂದ ಬಿಗೀರಿ. ಹಾಳಿ ಮೊದಲು ಹರಿಯೂದು ಬಿಸಿ ಪೈಪಿಗೆ ತಿಕ್ಕೂ ಕಡೆ. ಅಲ್ಲಿ ಪೈಪಿಗೆ ಬಿಳಿ ಬಣ್ಣ ಹಚ್ಚಿ, ಒಣಗಿದ ಮ್ಯಾಲೆ ಹಾಳಿ ಏರಸ್ರಿ.