ಬ್ರಿಡ್ಜ್ ಆಚೆ ಟರ್ಮಿನಲ್ ಬೂಟ್ ಆಗ್ತಿಲ್ಲ, ಲ್ಯಾಪ್‌ಟಾಪ್‌ಗೆ ಮಾತ್ರ ನೆಟ್ ಬರುತ್ತೆ

ತೀರ್ಥಹಳ್ಳಿ ಮೇಷ್ಟ್ರು:
ತೀರ್ಥಹಳ್ಳಿ ಹತ್ತಿರದ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲದ ನಾಲ್ಕು ಹಳೇ ಟರ್ಮಿನಲ್‌ಗಳಿವೆ. ಆಫೀಸಿನಲ್ಲಿರುವ ಎಲ್‌ಟಿಎಸ್‌ಪಿ ಸರ್ವರ್‌ನಿಂದ (ಡಿಸ್ಕ್ ಇಲ್ಲದ ಟರ್ಮಿನಲ್‌ಗಳಿಗೆ ನೆಟ್‌ವರ್ಕ್ ಮೂಲಕ ಲಿನಕ್ಸ್ ಕೊಡುವ ಸರ್ವರ್) ಬೂಟ್ ಆಗುತ್ತಿದ್ದವು. ಮೇ ತಿಂಗಳ ಗುಡುಗು ಮಳೆಯಲ್ಲಿ ಲ್ಯಾಬಿನ ಸ್ವಿಚ್ ಸುಟ್ಟು ಹೋಯಿತು. ಮಲೆನಾಡಿನ ಸಿಡಿಲಿಗೆ ನೆಟ್‌ವರ್ಕ್ ವೈರ್ ಅಂದ್ರೆ ಅದೇನು ಪ್ರೀತಿಯೋ! ಹೊಸದು ಬರುವವರೆಗೆ ಇರಲಿ ಅಂತ ಮೂಲೆಯಲ್ಲಿದ್ದ ಪಿಸಿಗೆ ನಾಲ್ಕು ಪೋರ್ಟಿನ ಕಾರ್ಡ್ ಹಾಕಿ, ಡೆಬಿಯನ್ ಲಿನಕ್ಸ್‌ನಲ್ಲಿ ಬ್ರಿಡ್ಜ್ ಮಾಡಿದೆ, ಅಂದ್ರೆ ಆ ಪಿಸಿಯೇ ಸ್ವಿಚ್ ಕೆಲಸ ಮಾಡುವ ಹಾಗೆ. ಟರ್ಮಿನಲ್‌ಗಳ ವೈರ್ ನೇರ ಅದಕ್ಕೇ.

ಈಗ ಟರ್ಮಿನಲ್ ಆನ್ ಮಾಡಿದರೆ 'ಡಿಎಚ್‌ಸಿಪಿ' (ಐಪಿ ವಿಳಾಸ ಕೇಳುವ ಹಂತ) ಅಂತ ಬಂದು, ಮುಂದೆ ಚುಕ್ಕಿ ಚುಕ್ಕಿ ಬೀಳುತ್ತೆ. ಆಮೇಲೆ ಪಿಎಕ್ಸ್‌ಇ-ಇ51 ಎರರ್ (ಪಿಎಕ್ಸ್‌ಇ ಅಂದ್ರೆ ನೆಟ್‌ವರ್ಕ್‌ನಿಂದ ಬೂಟ್ ಆಗುವ ವ್ಯವಸ್ಥೆ). ಅದೇ ವೈರನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದರೆ ಸ್ವಲ್ಪ ತಡವಾಗಿ ಐಪಿ ಸಿಗುತ್ತೆ. ಟರ್ಮಿನಲನ್ನು ಹೊತ್ತುಕೊಂಡು ಹೋಗಿ ಸರ್ವರ್‌ಗೇ ಹಾಕಿದರೆ ಬೂಟ್ ಆಗುತ್ತೆ!

ಅಡಿಕೆ ತೋಟ:
ಫೈರ್‌ವಾಲ್ ಇರಬೇಕು ಸರ್. ಬೂಟ್ ಫೈಲ್ ತರುವ ಟಿಎಫ್‌ಟಿಪಿಗೆ 69ನೇ ಪೋರ್ಟ್ ಬಿಟ್ಟಿದ್ದೀರಾ?

ಸಾಗರದವ:
ಇ51 ಅಂದ್ರೆ ಐಪಿಯೇ ಸಿಕ್ಕಿಲ್ಲ. ಟಿಎಫ್‌ಟಿಪಿ ಕೆಲಸ ಆಮೇಲೆ. ಅದು ಕೆಟ್ಟಿದ್ದರೆ ಇ32 ತೋರಿಸುತ್ತಿತ್ತು. ಮೇಷ್ಟ್ರೇ, ಬ್ರಿಡ್ಜ್‌ನಲ್ಲಿ ಎಸ್‌ಟಿಪಿ (ಲೂಪ್ ತಡೆಯುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಆನ್ ಇದ್ದರೆ ಪೋರ್ಟ್‌ಗೆ ಜೀವ ಬಂದ ತಕ್ಷಣ ಡೇಟಾ ಬಿಡಲ್ಲ. 15 ಸೆಕೆಂಡ್ ಲಿಸನಿಂಗ್, ಇನ್ನೊಂದು 15 ಲರ್ನಿಂಗ್. ಎಲ್ಲಾದರೂ ಲೂಪ್ ಆಗಿ ಡೇಟಾ ಸುತ್ತಿ ಸುತ್ತಿ ಅಲ್ಲೇ ಬರುತ್ತಾ ಅಂತ ಅದರ ಅನುಮಾನ. ಲ್ಯಾಪ್‌ಟಾಪ್ ಬಿಡದೆ ಕೇಳುತ್ತಿರುತ್ತೆ, ಟರ್ಮಿನಲ್‌ನ ಹಳೇ ಬೂಟ್ ರೋಮ್‌ಗೆ (ಬೂಟ್ ಶುರು ಮಾಡುವ ಚಿಪ್) ಅಷ್ಟು ತಾಳ್ಮೆ ಇರಲ್ಲ.

ತೀರ್ಥಹಳ್ಳಿ ಮೇಷ್ಟ್ರು:
ಆನ್ ಇತ್ತು, ನಾನೇ ಮಾಡಿದ್ದು. ಸುಮ್ನೆ, ಒಳ್ಳೇದಿರಬೇಕು ಅಂತ! ಒಬ್ಬ ಹುಡುಗನನ್ನು ಟರ್ಮಿನಲ್ ಹತ್ತಿರ ನಿಲ್ಲಿಸಿ, ನಾನು ಬ್ರಿಡ್ಜ್ ಪಿಸಿಯಲ್ಲಿ ಪೋರ್ಟ್ ಸ್ಥಿತಿ ನೋಡುತ್ತಾ ಕೂತೆ. ಲಿಸನಿಂಗ್... ಲರ್ನಿಂಗ್... ಅಷ್ಟರಲ್ಲೇ ಆ ಕಡೆಯಿಂದ "ಸಾರ್, ಎರರ್ ಬಂತು" ಅಂದ. ಆಮೇಲೆ ನನ್ನ ಸ್ಕ್ರೀನಿನಲ್ಲಿ ಫಾರ್ವರ್ಡಿಂಗ್ (ಡೇಟಾ ಬಿಡುವ ಸ್ಥಿತಿ) ಆಯಿತು.

ಆ 15 ಸೆಕೆಂಡಿನ ಕಾಯುವಿಕೆಯನ್ನು, ಅಂದ್ರೆ ಫಾರ್ವರ್ಡ್ ಡಿಲೇ, ಸೊನ್ನೆ ಮಾಡಲು ಹೋದರೆ ಒಪ್ಪುತ್ತಿಲ್ಲ.

ಸಾಗರದವ:
ಎಸ್‌ಟಿಪಿ ಆನ್ ಇರುವಾಗ 2 ಸೆಕೆಂಡಿಗಿಂತ ಕಡಿಮೆ ಒಪ್ಪಲ್ಲ. ಮೊದಲು ಎಸ್‌ಟಿಪಿ ಆಫ್ ಮಾಡಿ, ಆಮೇಲೆ ಸೊನ್ನೆ. ಆದರೆ ಒಂದೇ ವೈರಿನ ಎರಡೂ ತುದಿ ಬ್ರಿಡ್ಜ್‌ಗೇ ಸಿಕ್ಕಿಸಬೇಡಿ, ಇಡೀ ನೆಟ್‌ವರ್ಕ್ ಮಲಗುತ್ತೆ. ಹುಡುಗರ ಕೈ ಸುಮ್ಮನಿರಲ್ಲ ಅಲ್ವಾ?

ತೀರ್ಥಹಳ್ಳಿ ಮೇಷ್ಟ್ರು:
ನಾಲ್ಕೂ ಎದ್ದವು! ಮಧ್ಯಾಹ್ನ ಕರೆಂಟ್ ಹೋಗಿ ಬಂತು, ಮತ್ತೆ ಇ51. ಸೆಟ್ಟಿಂಗನ್ನು ಫೈಲಿನಲ್ಲಿ ಬರೆದಿರಲಿಲ್ಲ. ಈಗ ನೆಟ್‌ವರ್ಕ್ ಸೆಟ್ಟಿಂಗ್ ಇರುವ ಇಂಟರ್‌ಫೇಸಸ್ ಫೈಲಿಗೆ ಎಸ್‌ಟಿಪಿ ಆಫ್, ಡಿಲೇ ಸೊನ್ನೆ ಎರಡೂ ಸಾಲು ಸೇರಿಸಿದ್ದೇನೆ. ಬೇಕಂತಲೇ ಪ್ಲಗ್ ಕಿತ್ತು ಹಾಕಿ ನೋಡಿದೆ, ಬೂಟ್ ಆಗುತ್ತಿದೆ. ಉಳಿದ ವೈರ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.